ನಾರುಕೇರಿಯ ಹಿತ್ತಲ ಒಲೆಗಳು

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಮನೆಯ ಸಕ್ಕರೆ ಕಾಯಿಲೆ ನಮ್ಮತ್ತೆಯ ಪಾಲಿಗೆ ಬಂದಿತ್ತು. ಅದರ ಹಿಂದಿನ ತಿಂಗಳು ನನಗಿತ್ತು, ಅದಕ್ಕೂ ಮುಂಚೆ ನಮ್ಮ ಯಜಮಾನರಿಗೆ. ಮೂರೇ ಜನರ ಮನೆ ನಮ್ಮದು, ಪಾಳಿ ಬೇಗ ಬೇಗ ಬರುತ್ತದೆ. ಏಳೆಂಟು ಜನರಿರುವ ಮನೆಯಾದರೆ ವರ್ಷಕ್ಕೆ ಒಂದೋ ಎರಡೋ ತಿಂಗಳು ಪಥ್ಯ ಮಾಡಿದರೆ ಮುಗಿಯಿತು. ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದೇ ಮನೆಯಲ್ಲಿ ಎಷ್ಟು ಜನ, ಎಷ್ಟು ಕಾಯಿಲೆ ಎಂದು. ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟು ಎಲ್ಲರೂ ಅವರವರ ಮನೆಯಲ್ಲೇ ಉಣ್ಣುತ್ತೇವೆ. ಆ ರಾತ್ರಿ ಮನೆಯ ಕಾಯಿಲೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟುತ್ತದೆ. ಮಾರನೆಯ ಬೆಳಿಗ್ಗೆ ಎದ್ದು ಯಾರಿಗೆ ಬಾಯಿ ಒಣಗಿದೆ, ಯಾರಿಗೆ ಮಂಡಿ ಹಿಡಿದಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಯಾರಿಂದ ಯಾರಿಗೆ ಹೋಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಒಂದೇ ಮೈಯಲ್ಲಿ ಎರಡು ಅಮಾವಾಸ್ಯೆ ನಿಂತ ಕಾಯಿಲೆಯನ್ನು ನಾನಂತೂ ಅಲ್ಲಿಯವರೆಗೆ ನೋಡಿರಲಿಲ್ಲ.

ನನ್ನ ಹೆಸರು ಪಂಕಜಾಕ್ಷಿ. ಆಗ ನಲವತ್ತಾರು ವರ್ಷ. ಆರೋಗ್ಯ ಕಚೇರಿಯಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡು ಬರುವ ಕೆಲಸ ನನ್ನದು. ಒಂದು ದಿನ ಡಾಕ್ಟರ್ ವಾಮನಯ್ಯನವರು ಕರೆಸಿ, ನಾರುಕೇರಿಗೆ ಹೋಗಬೇಕು ಎಂದರು.

ನಾರುಕೇರಿ ಎಂದರೆ ಹಗ್ಗದ ಕಾರ್ಖಾನೆಯ ಹಿಂದಿನ ಕೇರಿ. ಆರು ವರ್ಷದ ಹಿಂದೆ ಕಾರ್ಖಾನೆಗೆ ಆಳು ಸಾಲದೆ ಗುಡ್ಡಸಾಲಿನ ಆಚೆಯ ಬಯಲಿನಿಂದ ಅರವತ್ತು ಸಂಸಾರಗಳನ್ನು ಕರೆತಂದಿದ್ದರು. ಮೊದಲ ವರ್ಷ ಅವರ ಕಾಯಿಲೆಗಳು ತಂದವರ ಮೈಯಲ್ಲೇ ಇದ್ದವು. ಆಮೇಲೆ ಎಲ್ಲರ ಹಾಗೆ ಅವರಿಗೂ ಪಾಳಿ ಶುರುವಾಗಿರಬೇಕು ಎಂದು ಊರಿನವರು ಅಂದುಕೊಂಡಿದ್ದೆವು. ಯಾರೂ ಹೋಗಿ ಕೇಳಿರಲಿಲ್ಲ. ಕಚೇರಿಯ ಮರಣದ ಪಟ್ಟಿಯಲ್ಲಿ ಡಾಕ್ಟರು ಗಮನಿಸಿದ್ದು ಬೇರೆ. ಎರಡು ವರ್ಷದಲ್ಲಿ ಆ ಕೇರಿಯ ಹನ್ನೊಂದು ಹೆಂಗಸರು ಸತ್ತಿದ್ದರು. ಎಲ್ಲರೂ ಐವತ್ತರ ಆಸುಪಾಸಿನವರು, ಮಕ್ಕಳೊಂದಿಗರು. ನಮ್ಮ ಊರಿನಲ್ಲಿ ಆ ವಯಸ್ಸಿಗೆ ಸಕ್ಕರೆಯಿಂದಾಗಲಿ ಬಿಪಿಯಿಂದಾಗಲಿ ಯಾರೂ ಸಾಯುವುದಿಲ್ಲ.

"ಮೂವತ್ತು ಸಂಸಾರ ಬೇಕು ಪಂಕಜಾಕ್ಷಮ್ಮ," ಎಂದರು ಡಾಕ್ಟರು. "ಏನು ತಿಂತಾರೆ, ಹೇಗೆ ಪಥ್ಯ ಮಾಡ್ತಾರೆ, ಕಾಯಿಲೆ ಬಂದರೆ ಏನು ಮಾಡ್ತಾರೆ, ಎಲ್ಲಾ ಅವರ ಬಾಯಲ್ಲೇ ಬರಬೇಕು. ಒತ್ತಾಯ ಮಾಡಬೇಡಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡ ಮೇಲೇ ಪ್ರಶ್ನೆ ಕೇಳಿ. ಮೂರು ತಿಂಗಳು ಸಮಯ ಇದೆ."

ನಲವತ್ತೆರಡು ಪ್ರಶ್ನೆಗಳ ಹಾಳೆ ಕೊಟ್ಟರು. ಜೊತೆಗೆ ಕಚೇರಿಯ ಹಳೆಯ ನಿಯಮ ಇದ್ದೇ ಇತ್ತು: ಬರೆದುಕೊಳ್ಳಲು ಹೋದ ಮನೆಯಲ್ಲಿ ನೀರು ಕೂಡ ಮುಟ್ಟಬಾರದು.

ಮೊದಲ ವಾರ ಇಪ್ಪತ್ತು ಬಾಗಿಲು ತಟ್ಟಿದೆ. ಎಲ್ಲ ಕಡೆಯೂ "ಬರ್ರಿ, ಕುಂದರ್ರಿ" ಎಂಬ ಮರ್ಯಾದೆ ಸಿಕ್ಕಿತು. ಹೆಬ್ಬೆಟ್ಟು ಸಿಗಲಿಲ್ಲ. ಇಪ್ಪತ್ತೊಂದನೆಯದು ಶಂಕ್ರವ್ವನ ಮನೆ. ಸುಮಾರು ಐವತ್ತರ ಹೆಂಗಸು, ಎತ್ತರದ ಆಳು, ಬಲಗಾಲಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡು ಕಟ್ಟೆಯ ಮೇಲೆ ನಾರು ಬಿಡಿಸುತ್ತಿದ್ದಳು. ಗಂಡ ದ್ಯಾಮಣ್ಣ ಕಾರ್ಖಾನೆಯಲ್ಲಿ ಹುರಿ ಹೊಸೆಯುವ ಯಂತ್ರದ ಮುಂದೆ ನಿಲ್ಲುವವನು. ಒಬ್ಬಳೇ ಮಗಳು ಹಾಲವ್ವ, ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಳು ತಿಂಗಳು.

ಪತ್ರವನ್ನು ಓದಿ ಹೇಳಿದೆ. ಹೆಬ್ಬೆಟ್ಟಿನ ಮಾತು ಅವಳು ಎತ್ತಲಿಲ್ಲ. ಏನೇನು ಕೇಳುತ್ತೀರಿ ಹೇಳಿ ಎಂದಳು. ಮೊದಲ ಪ್ರಶ್ನೆಯನ್ನೇ ಓದಿದೆ, ಮನೆಯಲ್ಲಿ ಒಟ್ಟು ಎಷ್ಟು ಜನ ಎಂದು.

"ಮಂದೀನ್ನ ಎಣಿಸಬಾರದ್ರಿ," ಎಂದಳು. "ಕುರಿ ಎಣಿಸ್ತಾರ. ಮನಿಯಾಗ ದೇವ್ರು ಕೊಟ್ಟಷ್ಟು ಮಂದಿ ಅದೀವಿ."

"ದಿನಕ್ಕೆ ಎಷ್ಟು ಸಲ ಅನ್ನ ಉಣ್ಣುತ್ತೀರಿ?"

"ಹಬ್ಬಕ್ಕೊಮ್ಮಿ."

ಹಾಳೆಯಲ್ಲಿ ಜೋಳದ ರೊಟ್ಟಿಗೆ ಜಾಗವೇ ಇರಲಿಲ್ಲ. ಅಲ್ಲಿದ್ದಂತೆ ತುಂಬಿದರೆ ನಾರುಕೇರಿಯವರು ಏನನ್ನೂ ತಿನ್ನದೆ ಬದುಕುತ್ತಾರೆ ಎಂದಾಗುತ್ತಿತ್ತು. ಈ ತಿಂಗಳು ಮನೆಯ ಕಾಯಿಲೆ ಯಾರ ಪಾಲಿಗಿದೆ ಎಂದು ಕೇಳಿದಾಗ ಒಳಗಿದ್ದ ದ್ಯಾಮಣ್ಣ ಒಮ್ಮೆ ಕೆಮ್ಮಿದ. ಶಂಕ್ರವ್ವ ನಾರಿನ ಕಡೆ ನೋಡುತ್ತಾ, "ನಮ್ಮನ್ಯಾಗ ಯಾರಿಗೂ ಏನೂ ಇಲ್ರಿ," ಎಂದಳು. ಆಮೇಲೆ, "ರೊಟ್ಟಿ ಬಡದೀನಿ, ಒಂದ್ ತುತ್ತು ತಿಂದು ಹೋಗ್ರಿ," ಎಂದಳು. ಈಗಷ್ಟೇ ಊಟ ಮಾಡಿ ಬಂದೆ ಎಂದು ನಾನು ಎದ್ದೆ. ಎಲ್ಲ ಮನೆಯಲ್ಲೂ ಇದನ್ನೇ ಹೇಳಿ ಅಭ್ಯಾಸವಾಗಿತ್ತು.

ನಾಲ್ಕನೆಯ ಸಲ ಹೋದಾಗಲೂ ಅದನ್ನೇ ಹೇಳಿದೆ. ಆಗ ಬಾಗಿಲಲ್ಲಿ ನಿಂತಿದ್ದ ಹಾಲವ್ವ, "ಅಕ್ಕಾರ, ನಿಮಗ ನಮ್ಮ ಕೈದು ನಡಿಯಂಗಿಲ್ಲೇನ್ರಿ?" ಎಂದು ಕೇಳಿದಳು. ಜಗಳದ ದನಿ ಅಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಕಚೇರಿಯ ನಿಯಮ ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ಅವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಆಗ ಹೊಳೆಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಬಿಸಿ ರೊಟ್ಟಿ, ಗುರೆಳ್ಳಿನ ಚಟ್ನಿ, ಹೆಸರುಕಾಳಿನ ಪಲ್ಯ. ಶಂಕ್ರವ್ವ ನಾನು ತಿನ್ನುವುದನ್ನೇ ನೋಡುತ್ತಾ ಕೂತಿದ್ದಳು. ಎರಡನೇ ರೊಟ್ಟಿ ಬೇಡವೆಂದರೂ ಹಾಕಿದಳು. ಅಂದಿನಿಂದ ನಾನು "ಅಕ್ಕಾರ" ಹೋಗಿ "ಅಕ್ಕ" ಆದೆ. ಆ ಮಧ್ಯಾಹ್ನವೇ ಪಕ್ಕದ ಮನೆಯ ಗುಂಡವ್ವ ಕೂಗಿ ಕರೆದು ಚಹಾ ಕೊಟ್ಟಳು. ಗುಂಡವ್ವ ದೊಡ್ಡ ಗಂಟಲಿನವಳು. ಅವಳಿಗೆ ಬಿಪಿ ಇದೆ ಎಂಬುದು ಕೆಂಪಗಾದ ಕಣ್ಣು ನೋಡಿದರೇ ತಿಳಿಯುವಂತಿತ್ತು. ಆದರೆ ಅವಳೂ, "ನಮ್ಮನ್ಯಾಗ ಯಾರಿಗೂ ಏನೂ ಇಲ್ಲವ್ವಾ," ಎಂದೇ ಹೇಳಿದಳು.

ಒಂದೂವರೆ ತಿಂಗಳಾದರೂ ಒಪ್ಪಿಗೆ ಪತ್ರಗಳು ಖಾಲಿಯಾಗಿಯೇ ಇದ್ದವು.

ಮಾರ್ಗಶಿರದ ಅಮಾವಾಸ್ಯೆಯ ಹಿಂದಿನ ದಿನ ನನ್ನ ಕನ್ನಡಕವನ್ನು ಶಂಕ್ರವ್ವನ ಮನೆಯಲ್ಲಿ ಮರೆತು ಬಂದೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಆದರೆ ಕನ್ನಡಕವಿಲ್ಲದೆ ನನಗೆ ಅಕ್ಕಿಯಲ್ಲಿನ ಕಲ್ಲೂ ಕಾಣುವುದಿಲ್ಲ. ಎಡೆ ಇಡುವ ಹೊತ್ತಿಗೆ ಬರುತ್ತೇನೆಂದು ಅತ್ತೆಗೆ ಹೇಳಿ ಹೊರಟೆ. ಮುಂಬಾಗಿಲು ಹಾಕಿತ್ತು. ಹೊಗೆ ಕಂಡು ಹಿತ್ತಲಿಗೆ ಹೋದೆ.

ಅಲ್ಲಿ ಮೂರು ಕಲ್ಲಿನ ಒಂದು ಸಣ್ಣ ಒಲೆ. ಅದರ ಮುಂದೆ ಶಂಕ್ರವ್ವ ಒಬ್ಬಳೇ ಕೂತು ಒಂದೇ ಒಂದು ರೊಟ್ಟಿ ಸುಡುತ್ತಿದ್ದಳು. ತಲೆಯೆತ್ತಿ ನೋಡಿದರೆ, ಸಾಲಾಗಿದ್ದ ಹಿತ್ತಲುಗಳಲ್ಲೆಲ್ಲ ಹಾಗೇ ತೆಳ್ಳನೆಯ ಹೊಗೆ ಏಳುತ್ತಿತ್ತು. ಒಂದೊಂದು ಹಿತ್ತಲಿಗೆ ಒಬ್ಬೊಬ್ಬ ಹೆಂಗಸು, ಒಂದೊಂದು ಒಲೆ. ನಮ್ಮ ಊರಿನಲ್ಲಿ ಬೇರೆ ಒಲೆ ಹೂಡುವುದೆಂದರೆ ಮನೆ ಒಡೆದು ಪಾಲಾಯಿತು ಎಂದರ್ಥ. ಅದನ್ನು ಹೊರಗಿನವರೆದುರು ಯಾರೂ ಹೇಳಿಕೊಳ್ಳುವುದಿಲ್ಲ. ಉಳಿದ ದಿನಗಳಲ್ಲಿ ಆ ಕಲ್ಲುಗಳ ಮೇಲೆ ಬುಟ್ಟಿ ಕವುಚಿ ಇಟ್ಟಿರುತ್ತಿದ್ದರು. ಎಷ್ಟೋ ಸಲ ಆ ಬುಟ್ಟಿಯ ಪಕ್ಕದಲ್ಲೇ ನಾನು ಓಡಾಡಿದ್ದೆ.

ಶಂಕ್ರವ್ವ ಗಾಬರಿಯಾಗಲಿಲ್ಲ. "ಕುಂದರು. ಆದರ ಇವತ್ತ ನಿನಗ ತಿನ್ನಾಕ ಕೊಡಂಗಿಲ್ಲ," ಎಂದಳು. ನಾನು ಕೂತೆ. ಅವಳೇ ಹೇಳಿದಳು.

"ಬಂದ ಎರಡನೇ ವರ್ಷ ಒಂದ್ ಮುಂಜಾನೆ ಎದ್ದೆ, ಮೈ ಹಗುರ. ಬಾಯಿ ಒಣಗಿಲ್ಲ, ಕಾಲು ಉರಿಯಂಗಿಲ್ಲ. ದೇವ್ರು ಕಣ್ಣು ತಗದ ಅಂದೆ. ಎರಡು ದಿನ ಹಾಡಕೋತ ಓಡ್ಯಾಡಿದೆ. ಮೂರನೇ ದಿನ ನೋಡ್ತೀನಿ, ಹಾಲವ್ವ ತಂಬಿಗಿ ತಂಬಿಗಿ ನೀರು ಕುಡ್ಯಾಕ ಹತ್ಯಾಳ. ಹದಿನೈದು ವರ್ಷದ ಹುಡುಗಿ. ನನ್ನ ಬ್ಯಾನಿ ಆಕಿ ಮೈಯಾಗ ಕುಂತಿತ್ತು." ರೊಟ್ಟಿ ಮಗುಚಿದಳು. "ಮುಂದಿನ ತಿಂಗಳ ಅವರಪ್ಪಗ ಹೋತು. ಯಂತ್ರದ ಮುಂದ ನಿಂತಾಂವಗ ಕಣ್ಣು ಮಂಜಾದ್ರ ಕೈ ಹೋಗತೈತಿ. ಆ ತಿಂಗಳ ದಿನಾ ನಾ ಕಾರ್ಖಾನೆ ಗೇಟಿನ ಮುಂದ ಕುಂತಿರತಿದ್ದೆ. ತಿರುಗಿ ನನಗ ಬಂದ ದಿನ ಉಡಿ ತುಂಬಿದಂಗಾತು. ಬಿಡಬಾರದು ಅಂತ ಮಾಡಿದೆ. ಕಾಶಮ್ಮಾಯಿ ಹೇಳಿದ್ಲು, ಈ ಊರಾಗ ಬ್ಯಾನಿ ಒಲಿ ಹಿಡದು ಹೋಗತೈತಿ, ಅಮಾಸಿಗೆ ಒಲಿ ಬ್ಯಾರೆ ಮಾಡು ಅಂತ. ನಾಕು ವರ್ಷ ಆತು."

"ಮನೆಯವರಿಗೆ ಗೊತ್ತಾ?"

"ಹರಕಿ ಅಂತ ಹೇಳೀನಿ. ಎಲ್ಲಾರೂ ಹಂಗ ಹೇಳ್ಯಾರ."

ಕಾಶಮ್ಮ ಎಂದರೆ ಕೇರಿಗೆಲ್ಲ ಹಿರಿಯಳು. ದಮ್ಮಿನ ಮುದುಕಿ. ಅವಳ ಹಿತ್ತಲು ನಾಲ್ಕು ಮನೆ ಆಚೆಗಿತ್ತು, ಕೆಮ್ಮು ಅಲ್ಲಿಯವರೆಗೂ ಕೇಳುತ್ತಿತ್ತು. ಏಳುವಾಗ ಶಂಕ್ರವ್ವ ಗೋಡೆ ಹಿಡಿದುಕೊಂಡಳು. ಕಾಲಿನ ಬಟ್ಟೆ ಜಾರಿತ್ತು. ಎರಡು ತಿಂಗಳ ಹಿಂದೆ ತಂತಿ ಚುಚ್ಚಿದ ಗಾಯವಂತೆ. ಕಿರುಬೆರಳೂ ಅದರ ಪಕ್ಕದ ಬೆರಳೂ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ನೋವಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ನೋವಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮಾರನೆಯ ದಿನ ಡಾಕ್ಟರ ಮುಂದೆ ನಿಂತು, "ಸಾರ್, ಒಬ್ಬರೇ ನಾಲ್ಕು ವರ್ಷ ಸಕ್ಕರೆ ಇಟ್ಟುಕೊಂಡರೆ ಏನಾಗುತ್ತೆ?" ಎಂದು ಕೇಳಿದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ನಾಲ್ಕು ವರ್ಷವಾ? ಮೊದಲು ಕಾಲು, ಆಮೇಲೆ ಕಣ್ಣು, ಆಮೇಲೆ ಮೂತ್ರಪಿಂಡ. ಯಾರು?"

"ಸುಮ್ಮನೆ ಕೇಳಿದೆ ಸಾರ್."

"ಸುಮ್ಮನೆ ಕೇಳೋರಲ್ಲ ನೀವು." ಪೆನ್ನು ಕೆಳಗಿಟ್ಟರು. "ಕಾಲಲ್ಲಿ ಗಾಯ ಇದ್ದರೆ ಬೆರಳು ತೆಗೆದರೆ ಸಾಲದು. ಒಂದು ತಿಂಗಳಾದರೂ ಸಕ್ಕರೆ ಮೈಯಿಂದ ಇಳೀಬೇಕು. ಇಲ್ಲದೇ ಇದ್ದರೆ ಮಂಡಿಯವರೆಗೆ ಕಾಲು ಹೋಗುತ್ತೆ. ಹೆಸರು ಹೇಳಬೇಡಿ, ಆದರೆ ಆಸ್ಪತ್ರೆಗೆ ಕರಕೊಂಡು ಬನ್ನಿ."

ಶಂಕ್ರವ್ವನಿಗೆ ಇದನ್ನು ಹೇಳಬಾರದಿತ್ತೋ ಏನೋ, ಹಾಲವ್ವನ ಎದುರೇ ಹೇಳಿಬಿಟ್ಟೆ. ಹಾಲವ್ವ ತೊಗರಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಹರಕಿ ಅಂದಿದ್ದೆಲ್ಲಬೇ ಯವ್ವಾ?"

ಶಂಕ್ರವ್ವ ಕಾಲಿನ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

"ನಾಕು ವರ್ಷ ನನ್ನ ಮುಂದ ಸುಳ್ಳು ಹೇಳಿದಿ. ಈ ಅಮಾಸಿಗೆ ಒಳಗ ಕುಂತು ಉಣ್ಣು. ನನಗ ಬಂದ್ರ ಬರ್ಲಿ, ಒಂದ್ ತಿಂಗಳಾ."

"ಬಸರಿ ಹೆಂಗಸು ಅನ್ನೂ ಮಾತಲ್ಲ ಅದು. ಹೊಟ್ಯಾಗಿಂದು ಏನಾಗಬೇಕು? ಸುಮ್ನಿರು."

"ಹಂಗಾರ ಅಪ್ಪಗ."

"ಅವ್ನ ಕೈ ಬೇಡೇನ?"

ದನಿಗಳು ಏರಿದವು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಗುಂಡವ್ವ ಬಂದು ಬಾಗಿಲಲ್ಲಿ ನಿಂತಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ, ಅವಳೇ ಬಂದು ಶಂಕ್ರವ್ವನ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು. ಮೂಗಿಗೆ ಸೆರಗು ಒತ್ತಿಕೊಂಡು, "ಬಾಣಂತನ ಯಾರು ಮಾಡಾವ್ರು?" ಎಂದಳು. "ಒಂಟಿ ಕಾಲಾಗ ಕೂಸಿಗೆ ಎರಿತೀಯೇನ? ನೀ ಸತ್ತಿ ಅಂದ್ರ ನಿನ್ನ ಒಲಿ ಯಾರು ಹಚ್ಚತಾರ? ಈ ಹುಡುಗಿ ಹಚ್ಚತಾಳ. ಆಕಿಗಿ ನಾಳೆ ಬ್ಯಾನಿ ಬಂದ್ರ ಆಕೀನೂ ಹಿಂಗ ಹಿತ್ತಲದಾಗ ಒಬ್ಬಾಕಿನ ಕುಂದರತಾಳ."

ಶಂಕ್ರವ್ವ ಗೋಡೆಯ ಕಡೆ ತಿರುಗಿ ಕೂತಳು.

"ನಾನೂ ಒಬ್ಬಾಕಿ ಕುಂದರತೀನಿ, ನೀನೂ ಕುಂದರತಿ," ಎಂದಳು ಗುಂಡವ್ವ. ದನಿ ತಗ್ಗಿತ್ತು. "ನಡುವ ಒಂದ್ ಬೇಲಿ. ಒಂದ ಒಲಿ ಮಾಡೂಣು."

"ನನ್ನ ಹೊಲಸು ತಂದು ನಿನ್ನ ಮೈಮ್ಯಾಲೆ ಹಾಕಲೇನ ಗುಂಡಿ?"

"ನಂದೇನ ಹೂವಿನ ಮಾಲಿ ಅಂತ ತಿಳದೀಯೇನ? ಅದೂ ನಿನಗ ಬರತೈತಿ."

ಹಾಲವ್ವ ನಕ್ಕಳು, ಆಮೇಲೆ ಅತ್ತಳು. ಶಂಕ್ರವ್ವ ಅಂದು ಒಪ್ಪಲಿಲ್ಲ. ಒಪ್ಪಲು ಹನ್ನೆರಡು ದಿನ ಹಿಡಿಯಿತು. ಅಷ್ಟರೊಳಗೆ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದಿದ್ದರು. ಗಾಯ ಮಾತ್ರ ಕೂಡಿರಲಿಲ್ಲ. ಗುಂಡವ್ವ ಈ ನಡುವೆ ಮನೆಮನೆಗೆ ಹೋಗಿ ಮಾತಾಡಿದ್ದಳು. ನಾನು ಎರಡು ತಿಂಗಳು ತಿರುಗಿದರೂ ಕೇಳಿಸದ ಮಾತುಗಳನ್ನು ಅವಳಿಗೆ ಎರಡು ದಿನದಲ್ಲಿ ಹೇಳಿದರು.

ಪುಷ್ಯದ ಅಮಾವಾಸ್ಯೆಯ ದಿನ ಶಂಕ್ರವ್ವನ ಹಿತ್ತಲಲ್ಲಿ ಮೂರು ದೊಡ್ಡ ಕಲ್ಲು ಹೂಡಿದರು. ಬೇರೆ ಬೇರೆ ಒಲೆಗಳಲ್ಲಿ ಬೇಯಿಸಿಕೊಳ್ಳುತ್ತಿದ್ದವರು, ಶಂಕ್ರವ್ವನೂ ಸೇರಿ, ಒಂಬತ್ತು ಹೆಂಗಸರು ಕೂಡಿದರು. ಒಬ್ಬೊಬ್ಬರೂ ಸೆರಗಿನಲ್ಲಿ ಒಂದೊಂದು ಹಿಡಿ ಜೋಳದ ಹಿಟ್ಟು ತಂದಿದ್ದರು. ಸ್ವಲ್ಪ ಹೊತ್ತಿಗೆ ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದ ನಾಲ್ವರು ಬಂದು ಕೂತರು. ಅವರನ್ನು ಯಾರೂ ಕರೆದಿರಲಿಲ್ಲ. ಏಕೆ ಬಂದಿರಿ ಎಂದು ಯಾರೂ ಕೇಳಲೂ ಇಲ್ಲ. ಹಾಲವ್ವ ಒಳಗಿನ ಒಲೆಯಲ್ಲಿ ಅಪ್ಪನಿಗೂ ತನಗೂ ಬೇರೆ ಅಡಿಗೆ ಮಾಡಿದಳು.

ನಾನು ಬೇಲಿಯ ಪಕ್ಕ ನಿಂತು ನೋಡುತ್ತಿದ್ದೆ. ಕಾಶಮ್ಮ ನನ್ನನ್ನು ಕಂಡು, "ಆಕಿ ಯಾಕ ನಿಂತಾಳ?" ಎಂದಳು. ಉಳಿದವರು ತುತ್ತು ಎತ್ತದೆ ಕೂತರು. ಹೋಗುವೆನೆಂದು ಹೇಳಬಹುದಿತ್ತು. ಮನೆಯಲ್ಲಿ ಅತ್ತೆ ಎಡೆಯ ಮುಂದೆ ಕಾಯುತ್ತಿದ್ದರು. ನಾನು ಹೋಗಿ ಗುಂಡವ್ವನ ಪಕ್ಕ ಕೂತು ಒಂದು ರೊಟ್ಟಿ ತಿಂದೆ.

ಮನೆಗೆ ಬಂದು ಹೇಳಿದಾಗ ಅತ್ತೆ ನನ್ನ ತಟ್ಟೆಯನ್ನು ಎತ್ತಿ ಒಳಗಿಟ್ಟರು. "ಇನ್ನೊಬ್ಬರ ಮನೆಯ ಕಾಯಿಲೆ ಹೊತ್ತುಕೊಂಡು ಬಂದಿದ್ದೀಯಾ," ಎಂದರು. ವಾರದ ತನಕ ಮಾತು ಬಿಟ್ಟರು.

ನನಗೆ ಏನೂ ಬಂದಿರಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದು ನೀರು ಕುಡಿದು, ಬಾಯಾರಿಕೆ ಹೆಚ್ಚಿದೆಯೇ ಎಂದು ಪರೀಕ್ಷಿಸಿಕೊಂಡು, ಮೆಟ್ಟಿಲು ಹತ್ತಿ ಇಳಿದು ನೋಡಿಕೊಂಡೆ. ಅದರಿಂದ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಕೇರಿಗೆ ಹೋದಾಗ ಹೆಂಗಸರೆಲ್ಲ ಬೀದಿಯಲ್ಲೇ ನಿಂತು ತಂತಮ್ಮ ಮೈಯ ಸುದ್ದಿ ಹೇಳುತ್ತಿದ್ದರು. ಶಂಕ್ರವ್ವನ ಸಕ್ಕರೆ ಗುಂಡವ್ವನಿಗೆ ಬಂದಿತ್ತು. ಗುಂಡವ್ವನ ಬಿಪಿ ಕರೆಯದೆ ಬಂದಿದ್ದ ನಾಲ್ವರಲ್ಲಿ ಒಬ್ಬಳಿಗೆ ಹೋಗಿತ್ತು. ಶಂಕ್ರವ್ವನಿಗೆ ಏನೂ ಇರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಬೆಲ್ಲದ ಸಣ್ಣ ಚೂರೊಂದನ್ನು ಬಾಯಲ್ಲಿಟ್ಟುಕೊಂಡು, ಅದನ್ನು ಕಡಿಯದೆ, ನುಂಗದೆ ಬಹಳ ಹೊತ್ತು ಹಾಗೇ ಇದ್ದಳು. ಗುಂಡವ್ವ ಎದುರಿನಿಂದ, "ಬೆಲ್ಲ ತೋರಿಸಿ ತಿನ್ನತಾಳ ನೋಡು ಹಡಬಿಟ್ಟಿ," ಎಂದು ಬೈದಳು.

ಆ ತಿಂಗಳಲ್ಲಿ ಗಾಯ ಕೂಡಿತು.

ಹೆಬ್ಬೆಟ್ಟು ಹಾಕುತ್ತೇವೆ ಎಂದು ಅವರಾಗಿಯೇ ಹೇಳಿದರು. ಒಂದು ಮಾತು ಮಾತ್ರ ಮುಂದಿಟ್ಟರು: ಹದಿಮೂರು ಹಾಳೆ ಬೇಡ, ಒಂದೇ ಹಾಳೆ ಬರೆಯಬೇಕು. ಹಾಗೇ ಬರೆದು ತಂದೆ. ಡಾಕ್ಟರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನಮ್ಮ, ಒಂದೇ ಸಂಸಾರ ಅಂತ ಬರೆದು ಹದಿಮೂರು ಹೆಬ್ಬೆಟ್ಟು ಹಾಕಿಸಿದ್ದೀರಿ?"

"ಒಲೆ ಒಂದೇ ಸಾರ್."

ನಾನು ಎಲ್ಲವನ್ನೂ ಹೇಳಿದೆ. ಹೇಳಬಹುದು ಎಂದು ಆ ಹೆಂಗಸರು ಒಪ್ಪಿಗೆ ಕೊಟ್ಟಿದ್ದರು. ರೊಟ್ಟಿ ತಿಂದದ್ದನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಹಾಳೆಯನ್ನು ಮತ್ತೊಮ್ಮೆ ಓದಿದರು. ಸತ್ತ ಹನ್ನೊಂದು ಹೆಂಗಸರ ಪಟ್ಟಿ ಅವರ ಮೇಜಿನ ಮೇಲೇ ಇತ್ತು. ಕೊನೆಗೆ, "ಮೂವತ್ತು ಆಗಲಿಲ್ಲ, ಮೇಲಿನವರು ಇದನ್ನು ಅಧ್ಯಯನ ಅಂತ ಒಪ್ಪೋದಿಲ್ಲ," ಎಂದರು. ಹಾಗೇ ಆಯಿತು. ಸಾಕಷ್ಟು ಕುಟುಂಬಗಳು ಭಾಗವಹಿಸಲಿಲ್ಲವಾದ್ದರಿಂದ ಕೆಲಸ ನಿಲ್ಲಿಸಲಾಗಿದೆ ಎಂದು ಒಂದು ಸಾಲಿನ ಟಿಪ್ಪಣಿ ಬಂತು. ನನ್ನನ್ನು ಚುಚ್ಚುಮದ್ದಿನ ವಿಭಾಗಕ್ಕೆ ಹಾಕಿದರು. ಆದರೆ ನಾನು ಹೋಗುವಾಗ ಡಾಕ್ಟರು ಒಂದು ಕೆಲಸ ಮಾಡಿದರು. ಔಷಧದ ಚೀಟಿಯನ್ನು ನಾರುಕೇರಿಯ ಆ ಹಿತ್ತಲ ಹೆಸರಿಗೆ ಬರೆದುಕೊಟ್ಟರು.

ಹಾಲವ್ವನಿಗೆ ಮಾಘದಲ್ಲಿ ಹೆಣ್ಣುಮಗು ಹುಟ್ಟಿತು. ಶಂಕ್ರವ್ವ ಮಣೆಯ ಮೇಲೆ ಕೂತು, ಎಂಟು ಬೆರಳಿನ ಕಾಲುಗಳನ್ನು ಮುಂದಕ್ಕೆ ಚಾಚಿ, ಮಗುವನ್ನು ಅದರ ಮೇಲೆ ಮಲಗಿಸಿ ಎರೆಯುವುದನ್ನು ನೋಡಿದೆ. ನೀರು ಬಿಸಿಯಾಯಿತೆಂದು ಗುಂಡವ್ವ ಪಕ್ಕದಲ್ಲಿ ಕೂಗಾಡುತ್ತಿದ್ದಳು.

ಅದಾಗಿ ಎರಡು ತಿಂಗಳಾದ ಮೇಲೆ, ಅಮಾವಾಸ್ಯೆಯ ಮಾರನೆಯ ಮಧ್ಯಾಹ್ನ ನಾನು ಹೋದಾಗ ಶಂಕ್ರವ್ವ ನಾಲ್ಕು ಮನೆ ಆಚೆಗೆ, ಕಾಶಮ್ಮನ ಪಡಸಾಲೆಯಲ್ಲಿದ್ದಳು. ಈ ಸಲ ದಮ್ಮು ಶಂಕ್ರವ್ವನಿಗೆ ಬಂದಿತ್ತು. ಎದೆ ಎದ್ದೆದ್ದು ಬೀಳುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಎದುರಿಗೆ ಕಾಶಮ್ಮ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಮೂರು ತಿಂಗಳಿಂದ ಅಂಗಾತ ಮಲಗಿ ನಿದ್ದೆ ಮಾಡಿ ಅವಳ ಮುಖ ತುಂಬಿಕೊಂಡಿತ್ತು.

"ಆಯೀ," ಎಂದಳು ಶಂಕ್ರವ್ವ, ಒಂದೊಂದು ಮಾತಿಗೂ ನಿಂತು. "ಹನ್ನೊಂದು ವರ್ಷ... ಇದನ್ನ... ಹೆಂಗ ಹೊತ್ತಿ? ಹಿತ್ತಲದಾಗ ನೀ ಕೆಮ್ಮತಿದ್ದಿ. ನಾ ಕೇಳಕೋತ... ರೊಟ್ಟಿ ಸುಡತಿದ್ದೆ."

"ನಿನ್ನ ಕಾಲು ನನಗೂ ಗೊತ್ತಿತ್ತೇನ?" ಎಂದಳು ಕಾಶಮ್ಮ. "ಮಾತಾಡಬ್ಯಾಡ. ತಿರುಗಿ ಕುಂದರು. ನನ್ನ ಬೆನ್ನಿಗೆ ಬೆನ್ನು ಕೊಡು. ಮೊಣಕಾಲಮ್ಯಾಲೆ ಕೈ ಊರು. ಉಸಿರು ತಗೋಳೂ ಚಿಂತಿ ಮಾಡಬ್ಯಾಡ, ಅದು ತಾನಾ ಬರತೈತಿ. ಬಿಡೂದ ಕಲಿ. ಬಿಡು. ಹಾಂ, ಇನ್ನೂ ಬಿಡು."

ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಕಾಶಮ್ಮ ದೊಡ್ಡದಾಗಿ ಉಸಿರು ಬಿಡುತ್ತಿದ್ದಳು, ಅದು ಬೆನ್ನಿನಿಂದ ಬೆನ್ನಿಗೆ ತಿಳಿಯಲಿ ಎಂದು. ಬಹಳ ಹೊತ್ತಾದ ಮೇಲೆ ಎರಡೂ ಬೆನ್ನುಗಳು ಒಟ್ಟಿಗೆ ಏಳತೊಡಗಿದವು, ಒಟ್ಟಿಗೆ ಇಳಿಯತೊಡಗಿದವು. ಆಗ ಶಂಕ್ರವ್ವನ ಮನೆಯಲ್ಲಿ ಮಗು ಎದ್ದು ಅಳುವುದು ಕೇಳಿಸಿತು. ಹಾಲವ್ವ ನೀರಿಗೆ ಹೋಗಿದ್ದಳು. ಶಂಕ್ರವ್ವ ಏಳಲು ನೋಡಿದಳು.

"ನೀ ಕುಂದರು," ಎಂದು ಹೇಳಿ ನಾನು ಎದ್ದು ಹೋಗಿ ಮಗುವನ್ನು ಎತ್ತಿಕೊಂಡೆ.